ಕೆವಿನ್ ಮಾಡಿದ ತಪ್ಪೇನು?

"ಕೆವಿನ್ ಅನ್ನುವುದು ಹೆಸರಲ್ಲ, ಡಯಾಗ್ನೋಸಿಸ್!"

ಜರ್ಮನಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುವವರು ಬರೆದ ಮಾತು ಇದು. ಡಾಕ್ಟರ್ ಚೀಟಿಯಲ್ಲಿ ರೋಗದ ಹೆಸರು ಬರೆಯುತ್ತಾರಲ್ಲ, ಕೆವಿನ್ ಅನ್ನುವುದೂ ಅಂಥದ್ದೇ ಅಂತ ಅರ್ಥ. 2009ರಲ್ಲಿ ಓಲ್ಡೆನ್‌ಬುರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಆಸ್ಟ್ರಿಡ್ ಕೈಸರ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ಒಂದು ಪ್ರಶ್ನಾವಳಿ ಮಾಡಿದ್ದಳು. ಮಕ್ಕಳ ಹೆಸರು ಕೇಳಿದ ಕೂಡಲೇ ಟೀಚರ್‌ಗಳಿಗೆ ಏನು ಅನ್ನಿಸುತ್ತದೆ ಅನ್ನುವುದು ಪ್ರಶ್ನೆ. ಸುಮಾರು 500 ಶಿಕ್ಷಕರ ಉತ್ತರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಯಾರೂ ತಮ್ಮ ಹೆಸರು ಬರೆಯಬೇಕಾಗಿರಲಿಲ್ಲ. ಬೇರೆಯವರ ಹೆಸರಿನ ಬಗ್ಗೆ ತೀರ್ಪು ಕೊಡುವವರಿಗೆ ಇದು ಎಂಥ ಅನುಕೂಲ ನೋಡಿ.

ಷಾರ್ಲೊಟ್, ಸೋಫಿ, ಮರೀ, ಹನ್ನಾ, ಅಲೆಕ್ಸಾಂಡರ್, ಮ್ಯಾಕ್ಸಿಮಿಲಿಯನ್, ಲೂಕಾಸ್, ಯಾಕೋಬ್ ಅಂದರೆ ಒಳ್ಳೆಯ ಮಕ್ಕಳು. ಓದುತ್ತಾರೆ, ಹೇಳಿದ ಮಾತು ಕೇಳುತ್ತಾರೆ. ಷಾಂಟಾಲ್, ಮ್ಯಾಂಡಿ, ಆಂಜೆಲಿನಾ, ಜಸ್ಟಿನ್, ಮೋರಿಸ್ ಅಂದರೆ ತಲೆನೋವು. ಆ ಸಾಲಿನಲ್ಲಿ ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿಂದವನು ಕೆವಿನ್. ಪ್ರಶ್ನಾವಳಿಯ ಅಂಚಿನಲ್ಲಿ ಒಬ್ಬರು ಬರೆದ ಆ ಒಂದು ವಾಕ್ಯವನ್ನು ಪತ್ರಿಕೆಗಳು ಎತ್ತಿಕೊಂಡವು. ಮಿಕ್ಕ ಪ್ರಬಂಧವನ್ನು ಓದಿದವರು ಬಹಳ ಕಡಿಮೆ. ವಾಕ್ಯ ಮಾತ್ರ ಇವತ್ತಿಗೂ ಜರ್ಮನಿಯಲ್ಲಿ ಗಾದೆಯ ಹಾಗೆ ಓಡಾಡುತ್ತಿದೆ.

ಒಂದು ಹೆಸರು ಹತ್ತಿಪ್ಪತ್ತು ವರ್ಷದಲ್ಲಿ ಮುದ್ದಿನಿಂದ ಗೇಲಿಗೆ ಹೇಗೆ ಇಳಿಯಿತು ಅಂತ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಸಂತನಿಂದ ಸಿನಿಮಾದವರೆಗೆ

ಹೆಸರಿನ ಮೂಲ ಐರ್ಲೆಂಡ್. ಐರಿಷ್ ಭಾಷೆಯಲ್ಲಿ 'ಕೀವೀನ್' ಅನ್ನುತ್ತಾರೆ. ಮೃದು, ಮುದ್ದು ಅನ್ನುವ ಅರ್ಥದ ಪದದಿಂದ ಬಂದದ್ದು. ಡಬ್ಲಿನ್ನಿನ ದಕ್ಷಿಣಕ್ಕೆ ವಿಕ್ಲೋ ಬೆಟ್ಟಗಳ ನಡುವೆ ಗ್ಲೆಂಡಲಾಕ್ ಅನ್ನುವ ಕಣಿವೆ ಇದೆ. 6ನೇ ಶತಮಾನದಲ್ಲಿ ಅಲ್ಲಿ ಮಠ ಕಟ್ಟಿದವನು ಸಂತ ಕೆವಿನ್. ಅವನ ಬಗ್ಗೆ ಒಂದು ಕತೆ ಇದೆ. ಕೈ ಚಾಚಿ ಪ್ರಾರ್ಥನೆ ಮಾಡುತ್ತಿದ್ದಾಗ ಕರಿ ಹಕ್ಕಿಯೊಂದು ಬಂದು ಅಂಗೈಯಲ್ಲಿ ಮೊಟ್ಟೆ ಇಟ್ಟಿತಂತೆ. ಮರಿ ಹೊರಗೆ ಬರುವ ತನಕ ಸಂತ ಕೈ ಅಲ್ಲಾಡಿಸಲೇ ಇಲ್ಲವಂತೆ.

ಸುಮ್ಮನೆ ಕೂರುವುದರಲ್ಲಿ ಇವನನ್ನು ಮೀರಿಸಿದವರು ಇರಲಿಕ್ಕಿಲ್ಲ. ಅವನ ಹೆಸರೇ ಇವತ್ತು ಕ್ಲಾಸಿನಲ್ಲಿ ಒಂದು ನಿಮಿಷ ಸುಮ್ಮನೆ ಕೂರದ ಹುಡುಗನಿಗೆ ಗುರುತಾಗಿದೆ.

ಜರ್ಮನಿಗೆ ಹೆಸರು ಬಂದದ್ದು ಚರ್ಚಿನ ಬಾಗಿಲಿಂದ ಅಲ್ಲ, ಫುಟ್‌ಬಾಲ್ ಮೈದಾನದಿಂದ. 1977ರಲ್ಲಿ ಇಂಗ್ಲೆಂಡಿನ ಆಟಗಾರ ಕೆವಿನ್ ಕೀಗನ್ ಹ್ಯಾಂಬರ್ಗ್ ತಂಡ ಸೇರಿದ. 1978 ಮತ್ತು 1979, ಎರಡು ವರ್ಷವೂ ಯುರೋಪಿನ ಅತ್ಯುತ್ತಮ ಆಟಗಾರ ಅನ್ನುವ ಪ್ರಶಸ್ತಿ ಅವನಿಗೇ ಬಂತು. 1979ರಲ್ಲಿ ತಂಡ ಜರ್ಮನ್ ಲೀಗ್ ಗೆದ್ದಿತು. ಅಲ್ಲಿಂದ ಅಲ್ಲೊಬ್ಬ ಇಲ್ಲೊಬ್ಬ ಕೆವಿನ್ ಹುಟ್ಟತೊಡಗಿದರು. 1980ರ ದಶಕ ಮುಗಿಯುವ ಹೊತ್ತಿಗೆ ಹೆಸರು ಚೆನ್ನಾಗಿ ಹಬ್ಬಿತ್ತು. ಆಮೇಲೆ ಫುಟ್‌ಬಾಲಿನಲ್ಲಿ ಹೆಸರು ಮಾಡಿದ ಕೆವಿನ್ ಪ್ರಿನ್ಸ್ ಬೋಟೆಂಗ್ 1987ರವನು, ಕೆವಿನ್ ಗ್ರಾಸ್‌ಕ್ರೊಯ್ಟ್ಸ್ 1988ರವನು, ಗೋಲಿ ಕೆವಿನ್ ಟ್ರಾಪ್ 1990ರವನು.

ಇವರೆಲ್ಲ ಆ ಸಿನಿಮಾಕ್ಕಿಂತ ಮೊದಲೇ ಹುಟ್ಟಿದವರು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಸಿನಿಮಾ ಯಾವುದು ಅಂತ ನಿಮಗೂ ಗೊತ್ತು. 'ಹೋಮ್ ಅಲೋನ್'. ಕ್ರಿಸ್‌ಮಸ್‌ಗೆ ಮನೆಯವರೆಲ್ಲ ಪ್ಯಾರಿಸ್ಸಿಗೆ ಹೊರಟು, ಎಂಟು ವರ್ಷದ ಹುಡುಗನನ್ನು ಮನೆಯಲ್ಲೇ ಮರೆತುಬಿಡುತ್ತಾರೆ. ಅಮೆರಿಕದಲ್ಲಿ 1990ರ ನವೆಂಬರಿನಲ್ಲಿ, ಜರ್ಮನಿಯಲ್ಲಿ 1991ರ ಜನವರಿಯಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್ ಶೀರ್ಷಿಕೆಯಲ್ಲಿ ಹುಡುಗನ ಹೆಸರಿಲ್ಲ. ಜರ್ಮನರು ಅದನ್ನು 'ಕೆವಿನ್ ಮನೆಯಲ್ಲಿ ಒಬ್ಬನೇ' ಅನ್ನುವ ಅರ್ಥ ಬರುವ ಹಾಗೆ ಬದಲಾಯಿಸಿದರು. ಹೆಸರು ನೇರ ಪೋಸ್ಟರಿಗೆ ಏರಿತು. ಅದೇ ಮಾರ್ಚಿನಲ್ಲಿ ಕೆವಿನ್ ಕಾಸ್ಟ್ನರ್ ನಿರ್ದೇಶಿಸಿ ನಟಿಸಿದ ಸಿನಿಮಾಕ್ಕೆ 7 ಆಸ್ಕರ್ ಬಂದವು. ಆ ವರ್ಷ ಜರ್ಮನಿಯ ಗಂಡು ಮಕ್ಕಳ ಹೆಸರಿನ ಪಟ್ಟಿಯಲ್ಲಿ ಕೆವಿನ್ ಮೊದಲನೆಯದು. (ಈ ಪಟ್ಟಿ ಸರ್ಕಾರದ್ದಲ್ಲ. ಇಡೀ ದೇಶದ ಹೆಸರುಗಳ ಅಧಿಕೃತ ಲೆಕ್ಕ ಅಲ್ಲಿ ಇಡುವುದಿಲ್ಲ. ಆಸಕ್ತರು, ಭಾಷಾ ಸಂಘದವರು ಸೇರಿಸಿಟ್ಟ ಲೆಕ್ಕ ಅದು.)

ಆ ಸಿನಿಮಾದಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಕ್ಷಣ. ವಿಮಾನ ಹಾರುತ್ತಿದೆ. ಏನೋ ಮರೆತಿದ್ದೇವೆ ಅಂತ ಅಮ್ಮ ಚಡಪಡಿಸುತ್ತಿದ್ದಾಳೆ. ಥಟ್ಟನೆ ನೆನಪಾಗಿ "ಕೆವಿನ್!" ಅಂತ ಕಿರುಚುತ್ತಾಳೆ. ಲಕ್ಷಾಂತರ ಜನರ ಕಿವಿಯಲ್ಲಿ ಈ ಹೆಸರು ಕೂತದ್ದೇ ಒಂದು ಕಿರುಚಾಟವಾಗಿ. ಹೆಸರನ್ನು ಮೊದಲು ಯಾವ ದನಿಯಲ್ಲಿ ಕೇಳುತ್ತೇವೆ ಅನ್ನುವುದು ಸಣ್ಣ ಸಂಗತಿಯಲ್ಲ.

ಹಾಗಂತ ಎಲ್ಲ ಪಾಪವನ್ನೂ ಸಿನಿಮಾದ ತಲೆಗೆ ಕಟ್ಟುವುದು ತಪ್ಪು. ಫ್ರಾನ್ಸಿನಲ್ಲಿ ಅದೇ ಸಿನಿಮಾದ ಶೀರ್ಷಿಕೆ 'ಅಮ್ಮಾ, ನನಗೆ ವಿಮಾನ ತಪ್ಪಿಹೋಯ್ತು' ಅನ್ನುವ ಹಾಗಿತ್ತು. ಅದರಲ್ಲಿ ಕೆವಿನ್ ಇಲ್ಲ. ಆದರೂ 1990ರ ದಶಕದ ಶುರುವಿನಲ್ಲಿ ಅಲ್ಲೂ ಮೊದಲ ಸ್ಥಾನದಲ್ಲಿ ಇದ್ದದ್ದು ಕೆವಿನ್ನೇ. ಆಮೇಲೆ ಅಲ್ಲೂ ಅದೇ ಗೇಲಿ.

ಜಡೆ ಎಳೆದವಳ ಹೆಸರು

ಹೆಸರು ಕೇಳಿದರೆ ಮುಖ ಸಿಂಡರಿಸುವುದು ಹೇಗೆ ಶುರುವಾಗುತ್ತದೆ? ನನ್ನದೇ ಕತೆ ಹೇಳುತ್ತೇನೆ.

ನನಗೆ ಒಂದು ಹೆಣ್ಣು ಹೆಸರು ಆಗಿಬರುವುದಿಲ್ಲ. ಮೂರು ಅಕ್ಷರದ್ದು, ದೇವಿಯ ಹೆಸರು, ಕೇಳುವುದಕ್ಕೂ ಚೆನ್ನ. ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಆ ಹೆಸರಿನವರು ನಾಲ್ಕು ಜನ ಇದ್ದರೂ ಸುಮ್ಮನೆ ಬೇಜಾರು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಹಿಂದಿನ ಬೆಂಚಿನ ಹುಡುಗಿಯ ಹೆಸರು ಅದು. ಒಂದು ದಿನ ನನ್ನ ಜಡೆಯ ಟೇಪನ್ನು ಬೆಂಚಿನ ಮೊಳೆಗೆ ಕಟ್ಟಿದ್ದಳು. ಮೇಷ್ಟ್ರು ಬಂದರು, ಎಲ್ಲರೂ ಎದ್ದು ನಿಂತರು, ನಾನೂ ಎದ್ದೆ. ಅಷ್ಟೇ ನಡೆದದ್ದು. ಈಗ ನಾನು ನಂಬುವ ಡಾಕ್ಟರ್ ಹೆಸರೂ ಅದೇ. ಎಂಥ ಒಳ್ಳೆಯ ಹೆಂಗಸು! ಆದರೂ ಅವರ ಬೋರ್ಡು ನೋಡಿದರೆ ಮೊದಲು ತಲೆಯ ಹಿಂದುಗಡೆ ಚುರುಕ್ ಅನ್ನುತ್ತದೆ. ತಂಗಿ ಮಗಳಿಗೆ ಆ ಹೆಸರು ಇಡೋಣ ಅಂತ ಮಾತು ಬಂದಾಗ "ಹಳೇ ಕಾಲದ ಹೆಸರು, ಬೇಡ ಬಿಡು" ಅಂದೆ. ಜಡೆ ವಿಷಯ ಎತ್ತಲಿಲ್ಲ.

ಹೆಸರು ಬೇಡ ಅನ್ನುವವರು ನಿಜವಾದ ಕಾರಣ ಹೇಳುವುದು ಕಡಿಮೆ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಹಳೇದು, ಉದ್ದ ಆಯ್ತು, ಯಾಕೋ ಹಿಡಿಸಲಿಲ್ಲ ಅಂತ ಯಾವುದೋ ಒಂದು ನೆಪ ಮುಂದೆ ಬರುತ್ತದೆ.

ಟೀಚರ್‌ಗಳ ಕತೆ ಇನ್ನೂ ಬೇರೆ. ನನಗೆ ಸಿಕ್ಕಿದ್ದು ಒಬ್ಬಳು. ಅವರಿಗೆ ವರ್ಷಕ್ಕೆ ಒಂದು ಹಾಜರಿ ಪುಸ್ತಕ. ಅದರಲ್ಲಿ ದಿನಕ್ಕೆ ಹತ್ತು ಸಲ ಗಟ್ಟಿಯಾಗಿ ಕೂಗುವ ಹೆಸರು ಯಾರದು? ಚೆನ್ನಾಗಿ ಓದುವ ಹುಡುಗಿಯದಲ್ಲ, ಅವಳ ಪಾಡಿಗೆ ಅವಳು ಇರುತ್ತಾಳೆ. "ಕೆವಿನ್, ಕೂತ್ಕೋ! ಕೆವಿನ್, ಅವನನ್ನ ಬಿಡು!" ಅಂತ ಗಲಾಟೆ ಮಾಡುವವನ ಹೆಸರೇ ಬಾಯಲ್ಲಿ. ಶಾಂತವಾಗಿ ಕೂತ ಇನ್ನೊಬ್ಬ ಕೆವಿನ್ ಅದೇ ಕ್ಲಾಸಿನಲ್ಲಿ ಇದ್ದರೂ ನೆನಪಿನಲ್ಲಿ ಉಳಿಯುವುದಿಲ್ಲ. 1991ರಲ್ಲಿ ಹುಟ್ಟಿದವರು 1997-98ರ ಹೊತ್ತಿಗೆ ಒಂದನೇ ಕ್ಲಾಸಿಗೆ ಬಂದರು. ಒಂದೇ ಕ್ಲಾಸಿನಲ್ಲಿ ಇಬ್ಬರು ಮೂವರು ಕೆವಿನ್‌ಗಳು. ಲೆಕ್ಕ ಸರಳ. ಮಕ್ಕಳು ಜಾಸ್ತಿ ಇದ್ದರೆ ತುಂಟರೂ ಜಾಸ್ತಿ. ಅಷ್ಟಕ್ಕೇ ಒಂದು ಹೆಸರಿಗೆ ಕೆಟ್ಟ ಹೆಸರು ಬರಬಹುದು.

ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯಾನ್ಸ್ 1968ರಲ್ಲಿ ತೋರಿಸಿದ ಒಂದು ವಿಷಯ ಇದೆ. ಯಾವುದನ್ನೇ ಆಗಲಿ ಪದೇ ಪದೇ ನೋಡಿದರೆ, ಕೇಳಿದರೆ ಅದರ ಮೇಲೆ ಇಷ್ಟ ಬೆಳೆಯುತ್ತದೆ. ಹಾಗಾದರೆ ಕೆವಿನ್ ಎಲ್ಲರಿಗೂ ಇಷ್ಟ ಆಗಬೇಕಿತ್ತಲ್ವಾ? ಬರೀ ಕೇಳಿದ್ದರೆ ಆಗುತ್ತಿತ್ತೇನೋ. ಬೈಗುಳದ ಜೊತೆಗೆ ಕೇಳಿದ್ದರಿಂದ ಉಲ್ಟಾ ಆಯಿತು ಅಂತ ನನ್ನ ಊಹೆ.

ಇನ್ನೂ ಒಂದು ಕಾರಣ ಇದೆ, ಅದು ಬಾಯಿ ಬಿಟ್ಟು ಹೇಳುವಂಥದ್ದಲ್ಲ. ಓದಿದ, ಅನುಕೂಲಸ್ಥ ಜರ್ಮನ್ ಮನೆಗಳು ಆ ಹೊತ್ತಿಗೆ ಹಳೆಯ ಹೆಸರುಗಳ ಕಡೆ ತಿರುಗಿದ್ದವು. ಅಜ್ಜನ ಕಾಲದ ಯಾಕೋಬ್, ರಾಜಮನೆತನದ ಮ್ಯಾಕ್ಸಿಮಿಲಿಯನ್. ಸಿನಿಮಾ, ಟೀವಿ, ಅಮೆರಿಕದ ಹಾಡು ಕೇಳಿ ಹೆಸರಿಡುವುದು ಕೂಲಿ ಮಾಡುವವರ, ಕಡಿಮೆ ಓದಿದವರ ಅಭ್ಯಾಸ ಅಂತಾಯಿತು. ಪೂರ್ವ ಜರ್ಮನಿಯ ಸಂಗತಿಯೂ ಇದಕ್ಕೆ ಸೇರಿಕೊಂಡಿತು. ಬರ್ಲಿನ್ ಗೋಡೆಯ ಆಚೆ ಇದ್ದ ಕಾಲದಲ್ಲೇ ಅಲ್ಲಿನವರು ಮಕ್ಕಳಿಗೆ ಮ್ಯಾಂಡಿ, ಪೆಗ್ಗಿ, ರೊನ್ನಿ, ಮೈಕ್ ಅಂತೆಲ್ಲ ಹೆಸರಿಡುತ್ತಿದ್ದರು. ದೇಶ ಬಿಟ್ಟು ಹೋಗಲು ಆಗದವರು ಮಗುವಿನ ಹೆಸರನ್ನಾದರೂ ಗೋಡೆ ದಾಟಿಸಿದರು ಅಂತ ನನಗೆ ಅನ್ನಿಸುತ್ತದೆ. 1990ರ ಅಕ್ಟೋಬರ್ 3ಕ್ಕೆ ಎರಡೂ ದೇಶ ಒಂದಾದವು. ಆಮೇಲೆ ಪಶ್ಚಿಮದವರಿಗೆ ಆ ಹೆಸರುಗಳು ನಗೆಪಾಟಲಾದವು.

ಅಂದರೆ ಟೀಚರ್ 'ಕೆವಿನ್' ಅಂದು ಮೂಗು ಮುರಿದಾಗ ಅವರ ಕಣ್ಣೆದುರು ಇದ್ದದ್ದು ಬರೀ ಹುಡುಗನಲ್ಲ. ಹೆಸರಿಟ್ಟ ಅಪ್ಪ ಅಮ್ಮ, ಅವರ ಮನೆಯ ಟೀವಿ, ಅವರ ಸಂಬಳ. ಬಡವರನ್ನು ನೇರವಾಗಿ ಹೀಗಳೆದರೆ ಅಸಭ್ಯತೆ. ಅವರ ಮಗನ ಹೆಸರನ್ನು ಹೀಗಳೆದರೆ ಜೋಕು. ಜರ್ಮನರು ಇದಕ್ಕೆ 'ಕೆವಿನಿಸ್ಮುಸ್' ಅಂತ ಪದವನ್ನೇ ಮಾಡಿಕೊಂಡರು. ಮಕ್ಕಳಿಗೆ ಇಂಥ ಹೆಸರಿಡುವ ಚಾಳಿ ಅಂತ ಅರ್ಥ. ಹೆಣ್ಣು ಹೆಸರಿಗೆ 'ಷಾಂಟಾಲಿಸ್ಮುಸ್'.

ಹೆಸರು ಬಿದ್ದ ವೇಗವೂ ಹೆಚ್ಚು. 2009ರಲ್ಲೇ ಜೋನಾ ಬರ್ಗರ್ ಮತ್ತು ಗೇಲ್ ಲ ಮೆನ್ಸ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕ ಮತ್ತು ಫ್ರಾನ್ಸಿನ ನೂರು ವರ್ಷದ ಹೆಸರುಗಳನ್ನು ಜಾಲಾಡಿದರು. ಬೇಗ ಏರಿದ ಹೆಸರು ಬೇಗ ಬೀಳುತ್ತದೆ ಅನ್ನುವುದು ಅವರಿಗೆ ಸಿಕ್ಕ ಉತ್ತರ. ಕೆವಿನ್ ಬಿದ್ದದ್ದೂ ಹಾಗೇ. ಬಿದ್ದ ಮೇಲೆ ಹೊಸ ಕೆವಿನ್‌ಗಳು ಹುಟ್ಟುವುದು ಕಡಿಮೆಯಾಯಿತು. ರಾಮ, ಲಕ್ಷ್ಮಿ ಥರದ ಹೆಸರಾದರೆ ತಲೆಮಾರಿಗೊಬ್ಬ ಬಂದು ಹಳೆಯ ನೆನಪನ್ನು ತೊಳೆಯುತ್ತಾನೆ. ಕೆವಿನ್‌ಗೆ ಆ ಭಾಗ್ಯ ಸಿಗಲಿಲ್ಲ. ಒಂದೇ ವಯಸ್ಸಿನ ಹುಡುಗರ ಮೇಲೆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ನಕ್ಕು ಬಿಡುವಷ್ಟು ಸಣ್ಣದೇ?

ಟೀಚರ್ ಮನಸ್ಸಿನಲ್ಲಿ ಏನಾದರೂ ಅಂದುಕೊಳ್ಳಲಿ, ಮಾರ್ಕ್ಸ್ ಸರಿಯಾಗಿ ಕೊಟ್ಟರೆ ಸಾಕಲ್ವಾ? ಕೈಸರ್ ಅವರ ಗುಂಪು 2010ರಲ್ಲಿ ಅದನ್ನೂ ನೋಡಿತು. ಒಂದೇ ಉತ್ತರ ಪತ್ರಿಕೆಯ ಮೇಲೆ ಬೇರೆ ಬೇರೆ ಹೆಸರು ಬರೆದು ಸುಮಾರು 200 ಶಿಕ್ಷಕರಿಗೆ ತಿದ್ದಲು ಕೊಟ್ಟರು. ಮ್ಯಾಕ್ಸಿಮಿಲಿಯನ್ ಅಂತ ಬರೆದ ಪತ್ರಿಕೆಗಿಂತ ಕೆವಿನ್ ಅಂತ ಬರೆದದ್ದಕ್ಕೆ ಅಂಕ ಸ್ವಲ್ಪ ಕಡಿಮೆ ಬಿತ್ತು. ವ್ಯತ್ಯಾಸ ದೊಡ್ಡದಲ್ಲ, ಇದನ್ನು ಹಿಗ್ಗಿಸಿ ಹೇಳಬಾರದು. ಆದರೆ ಒಂದು ಪತ್ರಿಕೆಯಲ್ಲಿ ಅರ್ಧ ಅಂಕ ಹೋದರೂ ನಾಲ್ಕು ವರ್ಷಕ್ಕೆ ಎಷ್ಟಾಯಿತು ಅಂತ ಲೆಕ್ಕ ಹಾಕಿ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿಯುವಾಗಲೇ ಮಗು ಯಾವ ಥರದ ಶಾಲೆಗೆ ಹೋಗಬೇಕು ಅಂತ ಶಿಕ್ಷಕರು ಸಲಹೆ ಕೊಡುತ್ತಾರೆ. ಯೂನಿವರ್ಸಿಟಿಯ ದಾರಿಯೋ, ಕಸುಬಿನ ದಾರಿಯೋ ಅನ್ನುವುದು ಹತ್ತು ವರ್ಷಕ್ಕೇ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ.

ಶಾಲೆ ಮುಗಿದ ಮೇಲೂ ಹೆಸರು ಬಿಡಲಿಲ್ಲ. ಯೋಖೆನ್ ಗೆಬಾವರ್ ಮತ್ತು ಸಂಗಡಿಗರು ಜರ್ಮನಿಯ ಆನ್‌ಲೈನ್ ಡೇಟಿಂಗ್ ತಾಣವೊಂದರ 11,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2012ರಲ್ಲಿ ವರದಿ ಪ್ರಕಟಿಸಿದರು. ಜನಕ್ಕೆ ಹಿಡಿಸದ ಹೆಸರಿನವರ ಪುಟ ತೆರೆದು ನೋಡಿದವರೇ ಕಡಿಮೆ. ಹಾಗೆ ಕಡೆಗಣಿಸಲ್ಪಟ್ಟವರಲ್ಲಿ ತಮ್ಮ ಬಗ್ಗೆ ತಮಗೇ ಗೌರವ ಸ್ವಲ್ಪ ಕಡಿಮೆ, ಸಿಗರೇಟು ಜಾಸ್ತಿ, ಓದು ಕಡಿಮೆ. ಇದರಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಅಂತ ಬಿಡಿಸುವುದು ಕಷ್ಟ. ಬಡ ಮನೆಯಲ್ಲಿ ಹುಟ್ಟಿದ್ದಕ್ಕೆ ಓದು ಕಡಿಮೆಯೋ, ಹೆಸರಿನ ದೆಸೆಯಿಂದಲೋ? ನನಗನ್ನಿಸುವುದು, ಬಡತನದ ಪಾಲೇ ದೊಡ್ಡದು. ಹೆಸರು ಅದರ ಮೇಲೆ ಒಂದು ಪುಟ್ಟ ಸುಂಕ.

ಜರ್ಮನಿಯಲ್ಲಿ ಹೆಸರು ಬದಲಾಯಿಸುವುದೂ ಸಲೀಸಲ್ಲ. ಅಲ್ಲಿನ ಕಾನೂನು 'ಮುಖ್ಯವಾದ ಕಾರಣ' ಕೇಳುತ್ತದೆ. ನನಗೆ ಇಷ್ಟ ಇಲ್ಲ ಅಂದರೆ ಸಾಲದು.

ಮಂಗಳೂರಿನ ಕೆವಿನ್

ಈಗ ಇದೇ ಹೆಸರನ್ನು ನಮ್ಮ ಕರಾವಳಿಗೆ ತನ್ನಿ. ಮಂಗಳೂರು, ಉಡುಪಿ ಕಡೆ ಕೊಂಕಣಿ ಮಾತಾಡುವ ಕೆಥೊಲಿಕ್ ಮನೆಗಳಲ್ಲಿ ಕೆವಿನ್ ತೀರಾ ಸಾಮಾನ್ಯ ಹೆಸರು. ಕೇಳಿದರೆ ಯಾರೂ ನಗುವುದಿಲ್ಲ. ಕೆವಿನ್ ಅಂದರೆ ಚರ್ಚಿನ ಕ್ವಾಯರಿನಲ್ಲಿ ಗಿಟಾರ್ ನುಡಿಸುವವನು, ಮೊಂತಿ ಹಬ್ಬಕ್ಕೆ ಗಲ್ಫಿನಿಂದ ಬರುವವನು, ಎಂಜಿನಿಯರಿಂಗ್ ಓದಿದವನು, ಬ್ಯಾಂಕಿನಲ್ಲಿ ಇರುವವನು. ಸಂತನ ಹೆಸರು, ಚಿಕ್ಕದು, ಕರೆಯುವುದಕ್ಕೆ ಸುಲಭ.

ಇಂಥ ಒಬ್ಬ ಹುಡುಗ ಎಂಎಸ್ ಮಾಡಲು ಜರ್ಮನಿಗೆ ಹೋಗುತ್ತಾನೆ ಅಂತ ಇಟ್ಟುಕೊಳ್ಳಿ. ಮೊದಲ ದಿನ "ನನ್ನ ಹೆಸರು ಕೆವಿನ್" ಅನ್ನುತ್ತಾನೆ. ಎದುರಿನವರ ತುಟಿಯ ಅಂಚಿನಲ್ಲಿ ಏನೋ ಒಂದು ಸಣ್ಣಗೆ ಅಲುಗುತ್ತದೆ. ಅವನಿಗೆ ಅರ್ಥವಾಗುವುದಿಲ್ಲ. ಅಷ್ಟೇ ಅಲ್ಲ, ಎದುರಿನವರಿಗೂ ಅವನ ಮೇಲೆ ಆ ನಗು ಸರಿಯಾಗಿ ಕೂರುವುದಿಲ್ಲ. ಇವನ ಅಪ್ಪ ಅಮ್ಮ ಯಾವ ವರ್ಗದವರು ಅಂತ ಹೇಳಲು ಅವರ ಹತ್ತಿರ ಅಳತೆಗೋಲೇ ಇಲ್ಲವಲ್ಲ! ಅಕ್ಷರ ಅವೇ, ಸದ್ದು ಅದೇ. ಸದ್ದಿನಲ್ಲೇ ದೋಷ ಇದ್ದಿದ್ದರೆ ನೇತ್ರಾವತಿ ದಂಡೆಯಲ್ಲೂ ಕೇಳಿಸಬೇಕಿತ್ತು. ಇದೇ ಮಾತು ಉಲ್ಟಾ ಕೂಡ. ಫರ್ಡಿನೆಂಡ್ ಅನ್ನುವ ಹೆಸರು ಕೇಳಿದರೆ ಕನ್ನಡ ಓದಿದವನಿಗೆ ಕಿಟ್ಟೆಲ್ ನೆನಪಾಗುತ್ತಾರೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಆ ದಪ್ಪ ನಿಘಂಟು ಕಣ್ಣ ಮುಂದೆ ಬರುತ್ತದೆ. ಜರ್ಮನಿಯ ರಸ್ತೆಯಲ್ಲಿ ಹೋಗುವ ಎಷ್ಟು ಜನಕ್ಕೆ ಬಂದೀತು?

ನಾವೇನು ಸಾಚಾಗಳಲ್ಲ. ನಮ್ಮ ಕೆವಿನ್ ಹೆಸರು ಗುಂಡ. ಕನ್ನಡ ಪತ್ರಿಕೆಗಳ ಜೋಕಿನ ಮೂಲೆಯಲ್ಲಿ ಎಷ್ಟು ದಶಕದಿಂದ ಟೀಚರ್ ಪ್ರಶ್ನೆ ಕೇಳುತ್ತಿದ್ದಾರೋ, ಅಷ್ಟು ದಶಕದಿಂದ ಗುಂಡ ತಪ್ಪು ಉತ್ತರ ಕೊಡುತ್ತಿದ್ದಾನೆ. ಜೊತೆಗೆ ತಿಮ್ಮ. ತಿಮ್ಮಪ್ಪ ಅಂದರೆ ಸಾಕ್ಷಾತ್ ತಿರುಪತಿಯ ದೇವರು, ತಿಮ್ಮ ಅಂದರೆ ಪೆದ್ದ. ಒಂದು ಅಕ್ಷರ ಕಡಿಮೆಯಾದರೆ ಇಷ್ಟು ಅಂತರ!

ಗುಂಡ ಅನ್ನುವ ಹೆಸರಿಗೆ ಒಂದು ಹಳೆಯ ಸಂಕಟವೂ ಅಂಟಿಕೊಂಡಿದೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಮಗುವಿಗೆ ಚಂದದ ಹೆಸರು ಇಡುತ್ತಿರಲಿಲ್ಲ. ಸಾವಿನ ಕಣ್ಣು ಬೀಳದಿರಲಿ ಅಂತ ಗುಂಡ, ಕಲ್ಲ ಅನ್ನುತ್ತಿದ್ದರು. ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಮ್ಮ ಅನ್ನುತ್ತಿದ್ದರು. ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿ ಮಗನೇ ಅಂತ. ಚಿತ್ರದುರ್ಗದ ಕಡೆ ತಿಪ್ಪೇಸ್ವಾಮಿ ಅಂದರೆ ಬೇರೆಯೇ ಗೌರವ, ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು. ಅದೇ ಹೆಸರು ಹೊತ್ತು ಬೆಂಗಳೂರಿನ ಕಾಲೇಜಿಗೆ ಬಂದ ಹುಡುಗ ಮೊದಲ ವಾರದಲ್ಲೇ 'ಸ್ವಾಮಿ' ಆಗಿಬಿಡುತ್ತಾನೆ. ಮುಂದಿನ ಅರ್ಧ ಊರಲ್ಲೇ ಉಳಿಯುತ್ತದೆ.

ಕೆವಿನ್‌ಗಳು ಬೆಳೆದರು

2015ರಲ್ಲಿ ಜರ್ಮನಿಯ 'ವರ್ಷದ ಯುವಜನರ ಪದ' ಸ್ಪರ್ಧೆಗೆ 'ಆಲ್ಫಾ ಕೆವಿನ್' ಅನ್ನುವ ಪದ ಬಂತು. ದಡ್ಡರಲ್ಲೆಲ್ಲ ಮೊದಲನೆಯ ದಡ್ಡ ಅಂತ ಅರ್ಥ. ನಿಜವಾದ ಕೆವಿನ್‌ಗಳಿಗೆ ಅವಮಾನ ಆಗುತ್ತದೆ ಅಂತ ಆಯೋಜಕರು ಅದನ್ನು ಪಟ್ಟಿಯಿಂದ ತೆಗೆದರು. ಪದ ತೆಗೆದದ್ದೇ ದೊಡ್ಡ ಸುದ್ದಿಯಾಗಿ, ಕೇಳದಿದ್ದವರಿಗೂ ಗೊತ್ತಾಯಿತು ಅನ್ನುವುದು ಬೇರೆ ಮಾತು.

ಅದಕ್ಕೆ ಒಂದು ವರ್ಷ ಮೊದಲು, 2014ರಲ್ಲಿ, ವಿಶ್ವಕಪ್ ಗೆದ್ದ ಜರ್ಮನ್ ತಂಡದಲ್ಲಿ ಕೆವಿನ್ ಗ್ರಾಸ್‌ಕ್ರೊಯ್ಟ್ಸ್ ಇದ್ದ. ಒಂದು ನಿಮಿಷವೂ ಆಡಲು ಇಳಿಯಲಿಲ್ಲ ಅನ್ನಿ. ಆದರೂ ಪದಕ ಪದಕವೇ. 2017ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಯುವ ಘಟಕಕ್ಕೆ ಕೆವಿನ್ ಕ್ಯೂನೆರ್ಟ್ ಅಧ್ಯಕ್ಷನಾದ. 1989ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವನು. 2021ರಿಂದ 2024ರವರೆಗೆ ಇಡೀ ಪಕ್ಷದ ಪ್ರಧಾನ ಕಾರ್ಯದರ್ಶಿ. ಅವನ ವಿರೋಧಿಗಳಿಗೆ ಅವನನ್ನು ಬೈಯಲು ಎಡಪಂಥದ ಮಾತುಗಳು ಬೇಕಾದಷ್ಟು ಸಿಕ್ಕವು. ಹೆಸರು ಹಿಡಿದು ನಗುವುದಕ್ಕೆ ಪುರುಸೊತ್ತು ಕಡಿಮೆಯಾಯಿತು. ಫ್ರಾನ್ಸಿನಲ್ಲಿ 2022ರ ಚುನಾವಣೆಯಲ್ಲಿ ಇಬ್ಬರು ಕೆವಿನ್‌ಗಳು ಒಟ್ಟಿಗೆ ಸಂಸತ್ತಿಗೆ ಬಂದರು, ಕೆವಿನ್ ಮೋವಿಯೋ ಮತ್ತು ಕೆವಿನ್ ಫೆಫರ್. ಇಬ್ಬರೂ ಬಲಪಂಥದ ಒಂದೇ ಪಕ್ಷದವರು. ಒಂದು ದೇಶದಲ್ಲಿ ಎಡ, ಇನ್ನೊಂದರಲ್ಲಿ ಬಲ.

1991ರ ಕೆವಿನ್‌ಗಳಿಗೆ ಈಗ ಮೂವತ್ತು ದಾಟಿದೆ. ವಕೀಲರು, ನರ್ಸುಗಳು, ಲಾರಿ ಡ್ರೈವರುಗಳು, ಅಪ್ಪಂದಿರು. ಈಚಿನ ವರ್ಷಗಳಲ್ಲಿ ಜರ್ಮನಿಯಲ್ಲಿ ಎಲ್ಲಿ ನೋಡಿದರೂ ನೋವಾ. ಆ ನೋವಾಗಳು ಒಂದನೇ ಕ್ಲಾಸಿಗೆ ಬರುತ್ತಿದ್ದಾರೆ, ಒಂದೊಂದು ಕ್ಲಾಸಿಗೆ ಇಬ್ಬರು ಮೂವರು. "ನೋವಾ, ಕೂತ್ಕೋ!" ಅಂತ ಕೂಗು ಶುರುವಾಗಿರಬೇಕು. ಕೂಗುವ ಮೇಷ್ಟ್ರ ಹೆಸರು ಕೆಲವು ಕಡೆ ಕೆವಿನ್ ಇರಬಹುದು.